ಚಂದ್ರನ ಮಣ್ಣಿಗೆ ಹತ್ತಿದ ಕರ್ಪೂರ

ನಮ್ಮ ಓಣಿಯ ಸುಜಾತಾ ಇಲ್ಲೇ ಚಿಕ್ಕೋಡಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಕಳೆದ ಬೇಸಿಗೆಯಲ್ಲಿ ಒಂದು ದಿನ ಬಂದು ಕೂತು, "ಅಕ್ಕಾರ, ನಮ್ಮ ಹುಡುಗ್ಯಾರು ನಾಕೈದು ಮಂದಿ ಎಂ.ಎಸ್ಸಿ. ಮುಗಿಸಿ ಲ್ಯಾಬಿನ ಕೆಲಸಕ್ಕ ಹೊಂಟಾರ್ರಿ. ಅಲ್ಲಿ ದಿನಾ ಖರೇನ ಏನ ನಡೀತೈತಿ ಅಂತ ಒಂದೀಟ ಬರದ ಕೊಡ್ರಿ. ಪ್ರಮೋಷನ್ನು, ಸನ್ಮಾನ ಅವೆಲ್ಲಾ ಬ್ಯಾಡ್ರಿ. ನೀವು ಎಲ್ಲೆಲ್ಲಿ ತಪ್ಪಿದ್ರಿ, ಅದನ್ನ ಬರೀರಿ," ಎಂದಳು.

"ತಪ್ಪಿದ್ದ ಬರದ್ರ ಪುಸ್ತಕ ದಪ್ಪ ಆಗತೈತಿ ನೋಡವಾ," ಎಂದೆ. ಅವಳು ನಕ್ಕಳು, ನಾನೂ ನಕ್ಕೆ.

ಬರೆಯಲು ಕೂತ ಮೇಲೆ ಅದು ನಗುವ ಮಾತಲ್ಲ ಎಂದು ತಿಳಿಯಿತು. ಕಾಲೇಜಿನ ದಿನಗಳಿಂದಲೂ ನಾನು ದಿನಕ್ಕೆ ಎರಡು ಮೂರು ಸಾಲು ದಿನಚರಿ ಬರೆಯುತ್ತ ಬಂದವಳು. ಆದರೆ ಬರೆದದ್ದನ್ನು ತಿರುಗಿ ಓದಿದವಳಲ್ಲ. ಬರೆದಿಟ್ಟ ಮೇಲೆ ನೆನಪಿಡುವ ಹೊರೆ ಇಳಿಯಿತು ಎಂದುಕೊಳ್ಳುತ್ತಿದ್ದೆ. ಈಗ ಹಳೆಯ ಪುಸ್ತಕಗಳನ್ನು ಕಪಾಟಿನಿಂದ ಇಳಿಸಿ ಓದಿದಾಗ, ಒಬ್ಬ ಮನುಷ್ಯನ ವಿಷಯದಲ್ಲಿ ನನ್ನ ನೆನಪು ಹೇಳುವುದು ಒಂದು, ನನ್ನ ಕೈಬರಹ ಹೇಳುವುದು ಇನ್ನೊಂದು ಎಂದು ಕಂಡಿತು. ಅವರು ಕಾಂಬಳೆಯವರು, ನಮ್ಮ ಪ್ರಯೋಗಾಲಯದ ಸಹಾಯಕರು. ಚಂದ್ರನ ಮಣ್ಣನ್ನು ಕೆಡಿಸಿದರು ಎಂಬ ಆಪಾದನೆಯ ಮೇಲೆ ಅವರನ್ನು ಆ ಕೆಲಸದಿಂದ ಸರಿಸಲಾಯಿತು. ಕೆಡಿಸಿದ್ದು ಅವರಲ್ಲ. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ. ಆದರೆ ಕೆಲಸ ತಿಳಿಯದವರಿಗೆ ತಪ್ಪು ತಿಳಿಯುವುದಿಲ್ಲ. ಹಾಗಾಗಿ ಮೊದಲು ಕೆಲಸದ ಮಾತು.

ವೈಶಾಖದಲ್ಲಿ ಕರಿಯ ಬಂಡೆಯ ಹತ್ತಿರ ಅಂಗೈ ಹಿಡಿದರೆ ಮುಟ್ಟದೆಯೇ ಬಿಸಿ ತಾಗುತ್ತದೆ. ಬಂಡೆ ಕಣ್ಣಿಗೆ ಕಾಣದ ಬೆಳಕನ್ನು ಹೊರಗೆ ಬಿಡುತ್ತಿರುತ್ತದೆ. ಅದೇ ಅವಗೆಂಪು. ಒಂದೊಂದು ಖನಿಜವೂ ಈ ಬೆಳಕಿನಲ್ಲಿ ಒಂದೊಂದು ಭಾಗವನ್ನು ನುಂಗುತ್ತದೆ, ಉಳಿದದ್ದನ್ನು ಬಿಟ್ಟುಕೊಡುತ್ತದೆ. ಎಷ್ಟು ಬಿಟ್ಟುಕೊಟ್ಟಿತು ಎಂದು ಯಂತ್ರದಿಂದ ಗೆರೆ ಬರೆಸಿದರೆ, ನುಂಗಿದ ಜಾಗದಲ್ಲಿ ಗೆರೆ ತಗ್ಗುತ್ತದೆ. ಯಾವ ಜಾಗದಲ್ಲಿ ತಗ್ಗು ಬಿದ್ದಿದೆ ಎಂದು ನೋಡಿ ಆ ಮಣ್ಣಿನಲ್ಲಿ ಏನಿದೆ ಎಂದು ಹೇಳಬಹುದು. ಚಂದ್ರನ ಸುತ್ತ ತಿರುಗುವ ನೌಕೆಗಳು ದೂರದಿಂದ ಇಂಥ ಗೆರೆಗಳನ್ನು ಕಳಿಸುತ್ತವೆ. ಅವನ್ನು ಓದಬೇಕಾದರೆ ಇಲ್ಲಿ ಯಾರಾದರೂ ನಿಜವಾದ ಮಣ್ಣನ್ನು ಬಟ್ಟಲಿನಲ್ಲಿಟ್ಟು ಅಳೆದು ಹೋಲಿಕೆಗೆ ಕೊಡಬೇಕು. ಮೂವತ್ತು ವರ್ಷಕ್ಕೂ ಮಿಕ್ಕಿ ನಾನು ಮಾಡಿದ್ದು ಇಷ್ಟೇ.

ಕೇಳಲು ಇದು ದೊಡ್ಡ ಕೆಲಸ. ಮಾಡಲು ಕೂತರೆ, ಉಂಗುರದಗಲದ ಬಟ್ಟಲಿಗೆ ಒಂದು ಚಿಟಿಕೆ ಪುಡಿ ತುಂಬುವುದು, ಯಂತ್ರದೊಳಗಿಡುವುದು, ಹೊರಗೆ ಕಾಯುವುದು. ಮೊದಲ ವರ್ಷದ ನನ್ನ ತಪ್ಪು ಈ ತುಂಬುವುದರಲ್ಲೇ ಆಯಿತು. ಅಲಖನೂರಿನ ನಮ್ಮ ಮನೆಯಲ್ಲಿ ಜೋಳದ ಹಿಟ್ಟನ್ನು ಡಬ್ಬಿಗೆ ತುಂಬುವಾಗ ಅವ್ವ, "ಒತ್ತಿ ತುಂಬ, ಗಾಳಿ ಇದ್ರ ಹುಳಾ ಬೀಳತೈತಿ," ಎನ್ನುತ್ತಿದ್ದಳು. ಅದೇ ಕೈರೂಢಿಯಲ್ಲಿ ನಾನು ಬಟ್ಟಲಿನ ಪುಡಿಯನ್ನು ಚಮಚದ ಬೆನ್ನಿನಿಂದ ಒತ್ತಿ, ಮೇಲ್ಮೈ ಕನ್ನಡಿಯಂತೆ ಮಾಡಿ ಇಡುತ್ತಿದ್ದೆ. ಒತ್ತಿದ ಪುಡಿಯ ಗೆರೆಯೇ ಬೇರೆ, ಉದುರಿಸಿದ ಪುಡಿಯ ಗೆರೆಯೇ ಬೇರೆ. ಎರಡು ತಿಂಗಳ ಕೆಲಸ ಹಾಳಾಯಿತು. ನಮ್ಮ ಮುಖ್ಯಸ್ಥರನ್ನು ಎಲ್ಲರೂ ಸರ್ ಎಂದೇ ಕರೆಯುತ್ತಿದ್ದೆವು. ಅವರು ಗೆರೆಗಳನ್ನು ಒಂದೊಂದಾಗಿ ತಿರುವಿ ಹಾಕಿ, "ಚಂದ್ರನ ಮೇಲೆ ಯಾರೂ ಅಂಗಳ ಸಾರಿಸಿಲ್ಲಮ್ಮ," ಎಂದರು. ಬೈಗುಳ ಅಷ್ಟೇ. ಅಂದಿನಿಂದ ಸಣ್ಣ ಜರಡಿಯಿಂದ ಪುಡಿಯನ್ನು ಮಂಜು ಬಿದ್ದಂತೆ ಉದುರಿಸುವುದನ್ನು ಕಲಿತೆ.

ಯಂತ್ರದ ಕೋಣೆಯಲ್ಲಿ ಒಂದು ನಿಯಮವಿತ್ತು: ಒಮ್ಮೆಗೆ ಒಬ್ಬರೇ ಒಳಗೆ. ಅವಗೆಂಪು ಬೆಳಕಿಗೆ ಗಾಜು ಗೋಡೆಯಿದ್ದಂತೆ, ದಾಟುವುದಿಲ್ಲ. ಹಾಗಾಗಿ ಯಂತ್ರದ ಕಿಟಕಿಗಳನ್ನು ಉಪ್ಪಿನ ಜಾತಿಯ ಹರಳಿನಿಂದ ಮಾಡುತ್ತಾರೆ. ತೇವ ತಾಗಿದರೆ ಉಪ್ಪು ಮಂಜಾಗುತ್ತದೆ. ಮನುಷ್ಯನ ಉಸಿರಿನಲ್ಲಿ ತೇವವಿದೆ. ಇಬ್ಬರು ಕೂತು ಹರಟೆ ಹೊಡೆದರೆ ಅದೂ ಗೆರೆಯಲ್ಲಿ ಬೀಳುತ್ತದೆ. ಆದ್ದರಿಂದ ಒಳಗಿದ್ದವರು ಕಡಿಮೆ ಮಾತಾಡಬೇಕು, ಆದಷ್ಟು ಬೇಗ ಹೊರಗೆ ಬರಬೇಕು. ಈ ಕೆಲಸಕ್ಕೆ ಬರುವ ಹುಡುಗಿಯರಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರಾದರೂ ಜೊತೆಗಿರಲಿ ಎನ್ನುವ ಸ್ವಭಾವದವರಿಗೆ ಇದು ಕಷ್ಟ. ನನಗೆ ಕಷ್ಟವಾಯಿತೋ, ಹಿಡಿಸಿತೋ ಈಗ ಹೇಳಲಾರೆ. ಮದುವೆಯ ಮಾತು ಬಂದಾಗಲೆಲ್ಲ ಕೆಲಸದ ನೆಪ ಹೇಳಿದೆ. ಕೆಲಸ ನೆಪವಾಗಿತ್ತೋ ಕಾರಣವಾಗಿತ್ತೋ ದಿನಚರಿಯಲ್ಲೂ ಬರೆದಿಲ್ಲ.

ನಮ್ಮದು ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜೈನ ಮನೆ. ಐದೂವರೆಗೆ ನಾನು ಡಬ್ಬಿ ಬಿಚ್ಚಿದರೆ ಉಳಿದವರು ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ಅವರು ಕ್ಯಾಂಟೀನಿಗೆ ಹೋಗುವ ಹೊತ್ತಿಗೆ ನನ್ನದು ಮುಗಿದಿರುತ್ತಿತ್ತು. ಹೀಗೆ ಊಟವೂ ಒಬ್ಬಳದೇ.

ಪ್ರಯೋಗಾಲಯವಿದ್ದ ಆ ದೂರದ ನಗರದಲ್ಲಿ ನಮ್ಮ ಕಡೆಯ ಮಾತು ಆಡುತ್ತಿದ್ದವರು ನಾನು ಮತ್ತು ಕಾಂಬಳೆಯವರು ಇಬ್ಬರೇ. ಅವರು ನಿಪ್ಪಾಣಿಯವರು. ಉಳಿದವರು ನನ್ನನ್ನು ಮೇಡಮ್ ಎಂದರೆ ಇವರು ಮಾತ್ರ ಅಕ್ಕಾರ ಎನ್ನುತ್ತಿದ್ದರು. ಬಟ್ಟಲು ತೊಳೆಯುವುದು, ಪುಡಿ ಜರಡಿ ಹಿಡಿಯುವುದು, ಯಂತ್ರಕ್ಕೆ ಒಣ ಗಾಳಿ ಹಾಯಿಸುವುದು ಅವರ ಕೆಲಸ. ನಾನು ಒಳಗಿದ್ದಾಗ ಅವರು ಕೋಣೆಯ ಗಾಜಿನಾಚೆ ನಿಂತು ಮಾತಾಡುತ್ತಿದ್ದರು. ಅರ್ಧ ಮಾತು ಕೇಳಿಸುತ್ತಿತ್ತು, ಅರ್ಧ ತುಟಿ ನೋಡಿ ತಿಳಿದುಕೊಳ್ಳಬೇಕು.

"ಏನ ಅಂತಾನ್ರಿ ಚಂದಪ್ಪ ಇವತ್ತ?"

"ಸಿಟ್ಟಿಗೆದ್ದಾನ. ಗೆರಿ ನಡಗಾಕತ್ತೈತಿ."

"ಸರ್ ಮುಖಾ ನೋಡಿದ್ದಾನ ಬಿಡ್ರಿ."

ನಿಜವಾದ ಚಂದ್ರನ ಮಣ್ಣು ನಮಗೆ ಬಂದದ್ದು ಬಹಳ ತಡವಾಗಿ. ಅದಕ್ಕೆ ಮೊದಲು ವರ್ಷಗಟ್ಟಲೆ ನಾವು ನಕಲಿ ಮಣ್ಣಿನ ಮೇಲೆ ಕೈ ಪಳಗಿಸಿಕೊಂಡೆವು. ಚಂದ್ರನಲ್ಲಿ ಕಪ್ಪಾಗಿ ಕಾಣುವ ಬಯಲುಗಳು ಒಂದು ಕಾಲಕ್ಕೆ ಕರಗಿ ಹರಿದ ಲಾವಾ. ಅಥಣಿ, ಚಿಕ್ಕೋಡಿ, ರಾಯಬಾಗದ ಕಡೆ ಮನೆಯ ಬುನಾದಿಗೆ ಹಾಕುವ ಕರೇಕಲ್ಲೂ ಅದೇ ಜಾತಿಯದು. "ನಮ್ಮ ಕಡೆ ಹೋದ್ರ ಬೇಕಾದಷ್ಟು ಚಂದ್ರ ಬಿದ್ದಾನ್ರಿ," ಎಂದು ಸರ್‌ಗೆ ಮೊದಲು ಹೇಳಿದವರು ಕಾಂಬಳೆಯವರು. ಹಾಗಾಗಿ ನಮ್ಮಿಬ್ಬರನ್ನೇ ಕಳಿಸಿದರು. ಚಿಕ್ಕೋಡಿಯ ಹತ್ತಿರದ ಒಂದು ಕಲ್ಲಿನ ಖಣಿಗೆ ಹೋದೆವು. ಕಲ್ಲು ಒಡೆಯುವ ಖಡಿ ಮಷೀನಿನ ಮಾಲೀಕರು ಧೂಳಿನಲ್ಲೇ ಕುರ್ಚಿ ಹಾಕಿ ಕೂರಿಸಿದರು.

"ಎಷ್ಟ ಟ್ರಕ್ ಬೇಕ್ರಿ?"

"ಟ್ರಕ್ ಬ್ಯಾಡ್ರಿ. ಎರಡ ಚೀಲ ಸಾಕು," ಎಂದರು ಕಾಂಬಳೆಯವರು.

"ಎರಡ ಚೀಲದಾಗ ಏನ ಕಟ್ಟತೀರಿ? ತುಳಸಿಕಟ್ಟಿ?"

"ಚಂದ್ರನ್ನ ಕಟ್ಟತೀವ್ರಿ."

ಮಾಲೀಕರು ನಮ್ಮಿಬ್ಬರ ಮುಖವನ್ನೂ ನೋಡಿದರು. "ಹಂಗಾದ್ರ ಎರಡ ಚೀಲ ಸಾಲೂದಿಲ್ಲ ತಗೋರಿ," ಎಂದರು.

ಆ ಎರಡು ಚೀಲ ಕಲ್ಲಿನೊಂದಿಗೆ ನಿಪ್ಪಾಣಿಯ ಬಸ್ ನಿಲ್ದಾಣಕ್ಕೆ ಬಂದಾಗ ಕಾಂಬಳೆಯವರು, "ಮನಿ ಇಲ್ಲೇ ಐತ್ರಿ ಅಕ್ಕಾರ. ಒಂದ ಕಪ್ಪ ಚಾ ಕುಡದ ಹೋಗೂಣು," ಎಂದರು. ಬಸ್ಸಿಗೆ ತಡವಾಗುತ್ತದೆ ಎಂದೆ. ಬಸ್ಸು ತಾಸಿಗೊಂದು ಇತ್ತು. ಅವರು ಒತ್ತಾಯ ಮಾಡಲಿಲ್ಲ. ನಿಲ್ದಾಣದ ಹೊರಗೆ ನಿಂತು ಚಹಾ ಕುಡಿದೆವು. ಇದು ನೆನಪಿನಿಂದ ಬರೆದದ್ದು. ದಿನಚರಿಯಲ್ಲಿ ಅಂದು 'ಕಲ್ಲು ಸಿಕ್ಕಿತು, ಬಿಸಿಲು ಜಾಸ್ತಿ' ಎಂದಷ್ಟೇ ಇದೆ.

ನಾನು ಸೇರಿದಾಗ ಯಂತ್ರ ಕಾಗದದ ಸುರುಳಿಯ ಮೇಲೆ ಶಾಯಿಯಿಂದ ಗೆರೆ ಬರೆಯುತ್ತಿತ್ತು. ಹೊರಗೆ ಲಾರಿ ಹಾದುಹೋದರೂ ಅದು ಗೆರೆಯಲ್ಲಿ ನಡುಕವಾಗಿ ಉಳಿಯುತ್ತಿತ್ತು. ಮುಂದೆ ಗಣಕ ಬಂತು. ಗುಂಡಿ ಒತ್ತಿದರೆ ಗಾಳಿಯ ತೇವವನ್ನು ಕಳೆಯುತ್ತದೆ, ನಡುಕವನ್ನು ಒರೆಸುತ್ತದೆ, ಓರೆಯಾದ ಗೆರೆಯನ್ನು ನೇರ ಮಾಡುತ್ತದೆ. ಕೆಲಸ ಹಗುರಾಯಿತು. ಆದರೆ ಹುಡುಗಿಯರೇ, ಗುಂಡಿ ಒತ್ತುವ ಮೊದಲು ಒಮ್ಮೆ ಹಸಿ ಗೆರೆಯನ್ನು ನೋಡಿ. ನಮಗೆ ಬೇಡವಾದದ್ದು ಅದರಲ್ಲೇ ಇರುತ್ತದೆ.

ಚಂದ್ರನಿಂದ ತಂದ ಮಣ್ಣು ಕೊನೆಗೂ ನಮ್ಮಲ್ಲಿಗೆ ಬಂತು. ವಿದೇಶದಿಂದ ಎರವಲಾಗಿ, ಮೂರು ಪುಟ್ಟ ಶೀಶೆಗಳಲ್ಲಿ. ಒಂದೊಂದರಲ್ಲೂ ಊಟದ ಎಲೆಗೆ ಬಡಿಸುವ ಉಪ್ಪಿನಷ್ಟು ಬೂದುಬಣ್ಣದ ಪುಡಿ. ನೋಡಿದರೆ ಒಲೆಯ ಬೂದಿ. ಅಂದು ಕಾಂಬಳೆಯವರು ಗಾಜಿನಾಚೆಯಿಂದ ಬಹಳ ಹೊತ್ತು ನೋಡಿ, ಏನೂ ಚೇಷ್ಟೆ ಮಾಡದೆ ಹೋದರು. ಶೀಶೆಯಿಂದ ತೆಗೆದ ಪುಡಿಯನ್ನು ಬಟ್ಟಲುಗಳಲ್ಲಿ ಉದುರಿಸಿ, ಅಳತೆಯ ನಡುವೆ ಡೆಸಿಕೇಟರಿನಲ್ಲಿ ಇಡುತ್ತಿದ್ದೆವು. ಡೆಸಿಕೇಟರ್ ಎಂದರೆ ದಪ್ಪ ಗಾಜಿನ ಮುಚ್ಚಳದ ಪಾತ್ರೆ. ಹೊರಗಿನ ತೇವ ಒಳಗೆ ಹೋಗುವುದಿಲ್ಲ, ಒಳಗಿನದು ಹೊರಗೆ ಬರುವುದಿಲ್ಲ.

ಆ ವರ್ಷದ ಖಂಡೇನವಮಿಗೆ ಎಂದಿನಂತೆ ಪ್ರಯೋಗಾಲಯದಲ್ಲಿ ಯಂತ್ರಪೂಜೆ ಆಯಿತು. ಯಂತ್ರಕ್ಕೆ ಕುಂಕುಮ, ಚೆಂಡುಹೂವು, ಆರತಿ. ವಿಜ್ಞಾನದ ಮನೆಯಲ್ಲಿ ಇದೇನು ಎಂದು ಹೊಸಬರು ಕೇಳಬಹುದು. ನಮಗೆ ಯಾರಿಗೂ ಆ ಪ್ರಶ್ನೆ ಬರಲಿಲ್ಲ. ಕಾಂಬಳೆಯವರು ಬೌದ್ಧರು. ದಸರೆಯ ಹೊತ್ತಿಗೆ ಪ್ರತಿ ವರ್ಷ ರಜೆ ಹಾಕಿ ನಾಗಪುರದ ದೀಕ್ಷಾಭೂಮಿಗೆ ಹೋಗುತ್ತಿದ್ದರು. ಹಿಂದಿನ ದಿನ ಬಟ್ಟಲುಗಳನ್ನೆಲ್ಲ ತೊಳೆದು, ಒಣಗಿಸಿ, ಸಾಲಾಗಿ ಜೋಡಿಸಿಟ್ಟರು. "ಇರ್ರಿ, ಪ್ರಸಾದ ತಗೊಂಡ ಹೋಗ್ರಿ," ಎಂದು ಯಾರೋ ಕೆಣಕಿದಾಗ, "ಮಷೀನ ನಾ ದಿನಾ ಒರಸತೀನ್ರಿ. ನನ್ನ ಪೂಜಿ ದಿನಾ ಆಗತೈತಿ. ನಿಮ್ಮದು ವರ್ಷಕ್ಕೊಮ್ಮೆ, ನೀವು ಮಾಡ್ಕೋರಿ," ಎಂದು ನಕ್ಕು ಹೋದರು.

ದಸರೆ ಮುಗಿದ ಮೇಲೆ ಅಳೆದ ಬಟ್ಟಲುಗಳ ಗೆರೆಯಲ್ಲಿ ಒಂದು ಹೊಸ ತಗ್ಗು ಕಂಡಿತು. ಇಂಗಾಲ ಮತ್ತು ಜಲಜನಕ ಕೂಡಿರುವ ವಸ್ತುಗಳು ಮಾತ್ರ ಆ ಜಾಗದಲ್ಲಿ ಬೆಳಕನ್ನು ನುಂಗುತ್ತವೆ. ಎಣ್ಣೆ, ಮೇಣ, ಜೀವಿಗಳಿಗೆ ಸಂಬಂಧಿಸಿದ್ದು. ಜೀವವೇ ಇಲ್ಲದ ಚಂದ್ರನ ಮಣ್ಣಿನಲ್ಲಿ ಅದು ಸಣ್ಣ ಮಾತಲ್ಲ. ಸರ್ ಮೂರು ದಿನ ಗೆರೆಯನ್ನೇ ನೋಡಿದರು. ನಾಲ್ಕನೆಯ ದಿನ ಲೇಖನದ ಕರಡು ಬರೆಯಲು ಹೇಳಿದರು. ಬರೆದೆ. ಮಣ್ಣು ಕೊಟ್ಟವರಿಗೂ ತಿಳಿಸಿದೆವು. ವಾರದೊಳಗೆ ಉತ್ತರ ಬಂತು: ಇದೇ ಮಣ್ಣಿನ ಇನ್ನೊಂದು ಪಾಲನ್ನು ಬೇರೆ ಕಡೆ ಅಳೆದಿದ್ದಾರೆ, ಅಂಥ ತಗ್ಗು ಎಲ್ಲೂ ಇಲ್ಲ. ನಿಮ್ಮಲ್ಲಿ ಏನೋ ಬೆರೆತಿದೆ. ಉಳಿದ ಮಣ್ಣನ್ನು ಹಿಂತಿರುಗಿಸಿ.

ಆ ಮಣ್ಣಿಗಾಗಿ ವರ್ಷಗಟ್ಟಲೆ ಪತ್ರ ಬರೆದಿದ್ದ ಸರ್‌ ಅವರ ಮುಖ ಅಂದು ಹೇಗಿತ್ತು ಎಂದು ಬರೆಯಲಾರೆ. ಬಟ್ಟಲು ಸರಿಯಾಗಿ ತೊಳೆದಿಲ್ಲ, ತೊಳೆದವರ ಬೆರಳಿನ ಎಣ್ಣೆ ಉಳಿದಿದೆ ಎಂದು ಅವರು ತೀರ್ಮಾನಿಸಿದರು. ತೊಳೆದವರು ಕಾಂಬಳೆ. ವಿಚಾರಣೆ ನಡೆಯಿತು. ಅವರನ್ನು ಸ್ಟೋರಿಗೆ, ಅಂದರೆ ರಟ್ಟಿನ ಪೆಟ್ಟಿಗೆ ಎಣಿಸುವ ನೆಲಮಾಳಿಗೆಗೆ ಹಾಕಿದರು. ನಿವೃತ್ತಿಯವರೆಗೂ ಅಲ್ಲೇ ಇದ್ದರು. ಅವರು ಯಂತ್ರದ ಕೋಣೆಗೆ ಮತ್ತೆ ಬರಲಿಲ್ಲ. ಗಾಜಿನಾಚೆ ಆಮೇಲೆ ಯಾರೂ ನಿಲ್ಲಲಿಲ್ಲ.

ಇಲ್ಲಿಂದ ಮುಂದಿನದನ್ನು ನನ್ನ ನೆನಪು ಹೀಗೆ ಇಟ್ಟುಕೊಂಡಿತ್ತು. ವಿಚಾರಣೆಯಲ್ಲಿ ನಾನು ಅವರ ಪರವಾಗಿ ಎರಡು ಮಾತು ಆಡಿದೆ, ಸರ್ ಕೇಳಲಿಲ್ಲ. ಒಂದು ವರ್ಷವಾದ ಮೇಲೆ, ಬೇರೇನೋ ಅಳೆಯುವಾಗ, ಆ ತಗ್ಗು ಕರ್ಪೂರದ್ದು ಎಂದು ಆಕಸ್ಮಿಕವಾಗಿ ತಿಳಿಯಿತು. ಅಷ್ಟರಲ್ಲಿ ಕಾಲ ಮೀರಿತ್ತು. ಈ ಕತೆಯನ್ನು ನಾನು ನನ್ನ ಬೀಳ್ಕೊಡುಗೆಯ ದಿನ ಹೇಳಿದೆ ಕೂಡ. ಪೂಜೆಯ ಕರ್ಪೂರ ಚಂದ್ರನಿಗೆ ಹತ್ತಿದ ತಮಾಷೆ ಎಂದು ಹೇಳಿದೆ, ಕಾಂಬಳೆಯವರ ಹೆಸರಿಲ್ಲದೆ. ಸಭೆ ಚಪ್ಪಾಳೆ ತಟ್ಟಿತು.

ಸುಜಾತಾ ಕೇಳದೆ ಇದ್ದರೆ ನಾನು ಇದನ್ನೇ ನಂಬಿಕೊಂಡು ಸಾಯುತ್ತಿದ್ದೆ. ಆ ವರ್ಷದ ದಿನಚರಿಯಲ್ಲಿ ಖಂಡೇನವಮಿಯ ದಿನ ಹೀಗಿತ್ತು: 'ಪೂಜೆ ಆಯಿತು. ಉಳಿದ ಕರ್ಪೂರಕ್ಕೆ ಕಾಳುಮೆಣಸು ಹಾಕಿ ಡಬ್ಬಿಯಲ್ಲಿ ಡೆಸಿಕೇಟರಿನೊಳಗೆ ಇಟ್ಟೆ. ಹೊರಗಿಟ್ಟರೆ ಹಾರಿಹೋಗುತ್ತದೆ.'

ಕರ್ಪೂರ ಹಾರದಿರಲಿ ಎಂದು ಕಾಳುಮೆಣಸು ಹಾಕಿ ಬಿಗಿ ಡಬ್ಬಿಯಲ್ಲಿ ಇಡುವುದು ನಮ್ಮ ಮನೆಯ ರೂಢಿ. ಇಡೀ ಕಟ್ಟಡದಲ್ಲಿ ಎಲ್ಲಕ್ಕಿಂತ ಬಿಗಿಯಾದ, ಎಲ್ಲಕ್ಕಿಂತ ಒಣಗಿದ ಜಾಗ ಯಾವುದು ಎಂದು ನನ್ನ ಕೈಗೆ ಗೊತ್ತಿತ್ತು. ಓದಿದ ತಲೆ ಆ ಕೈಯನ್ನು ತಡೆಯಲಿಲ್ಲ. ನನ್ನ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿಲ್ಲ. ಡೆಸಿಕೇಟರಿನ ಮುಚ್ಚಳ ಬಿಗಿಯಾಗಿತ್ತು. ಕರ್ಪೂರ ಆವಿಯಾಗಿ ಹೊರಗೆ ಹೋಗಲು ದಾರಿಯಿಲ್ಲದೆ ಬಟ್ಟಲಿನ ಮಣ್ಣಿನ ಕಣಕಣಕ್ಕೂ ಹತ್ತಿಕೊಂಡಿತು.

ದೀಪಾವಳಿಯ ಹೊತ್ತಿನ ಸಾಲು: 'ಕರ್ಪೂರ ಬೇಕೆಂದು ಡಬ್ಬಿ ತೆಗೆದೆ. ಕಾಳುಮೆಣಸು ಮಾತ್ರ ಉಳಿದಿದೆ. ಉಪ್ಪಿನ ಬಿಲ್ಲೆಯ ಮೇಲೆ ಬೇರೆ ಕರ್ಪೂರ ಉಜ್ಜಿ ಅಳೆದೆ. ತಗ್ಗು ಅದೇ.' ಬೆರಳಿನ ಎಣ್ಣೆಯ ತಗ್ಗಿಗೆ ಎರಡು ಹಲ್ಲು ಇರುತ್ತವೆ. ಕರ್ಪೂರದ ತಗ್ಗು ಅದರ ಪಕ್ಕದಲ್ಲಿ, ಸ್ವಲ್ಪ ಸರಿದು ಬೀಳುತ್ತದೆ. ಈ ವ್ಯತ್ಯಾಸ ತಿಳಿದವರು ನಮ್ಮಲ್ಲಿ ಇಬ್ಬರೇ. ಸರ್ ಸಿಟ್ಟಿನಲ್ಲಿದ್ದರು, ನೋಡಲಿಲ್ಲ. ನಾನು ನೋಡಿದ್ದೆ.

ಅದಾದ ಮೂರನೆಯ ದಿನದ ಸಾಲು: 'ವಿಚಾರಣೆ. ಡೆಸಿಕೇಟರಿನಲ್ಲಿ ಕರ್ಪೂರದ ವಾಸನೆ ಇತ್ತು ಎಂದರು ಕಾಂಬಳೆ. ಹಬ್ಬಕ್ಕೇ ಇಲ್ಲದ ನಿನಗೆ ಕರ್ಪೂರದ ವಿಷಯ ಏನಯ್ಯ ಗೊತ್ತು ಎಂದರು ಸರ್. ಎಲ್ಲರೂ ನಕ್ಕರು. ನಾನು ಏನೂ ಹೇಳಲಿಲ್ಲ. ಐದೂವರೆಗೆ ಊಟ.'

ಒಂದು ವರ್ಷದ ನಂತರವಲ್ಲ, ವಿಚಾರಣೆಯ ಮೂರು ದಿನ ಮೊದಲೇ ನನಗೆ ಗೊತ್ತಿತ್ತು. ಎರಡು ಮಾತು ಆಡಲಿಲ್ಲ, ಒಂದೂ ಆಡಲಿಲ್ಲ. ಆ 'ಎಲ್ಲರೂ' ಎಂಬುದರಲ್ಲಿ ನಾನು ಇದ್ದೆನೇ? ಆ ಪುಟವನ್ನು ಎಷ್ಟು ಸಲ ಓದಿದರೂ ಅದಕ್ಕೆ ಉತ್ತರವಿರಲಿಲ್ಲ. ನೆನಪನ್ನು ಕೇಳಿದರೆ ಅದು ಇಲ್ಲ ಎನ್ನುತ್ತದೆ. ಆದರೆ ಅದರ ಮಾತನ್ನು ನಾನು ಇನ್ನು ಹೇಗೆ ನಂಬಲಿ?

ಪ್ರಯೋಗಾಲಯಕ್ಕೆ ಪತ್ರ ಬರೆದೆ. ಸರ್ ತೀರಿಕೊಂಡು ವರ್ಷಗಳಾಗಿವೆ. 'ಸಂಬಂಧಿಸಿದ ಕಡತಕ್ಕೆ ಸೇರಿಸಲಾಗಿದೆ' ಎಂಬ ಒಂದು ಸಾಲಿನ ಉತ್ತರ ಬಂತು. ಕಡತವನ್ನು ಯಾರು ತೆರೆಯುತ್ತಾರೆ? ಹಳೆಯ ಸಹೋದ್ಯೋಗಿಯೊಬ್ಬರಿಂದ ಕಾಂಬಳೆಯವರ ಫೋನ್ ನಂಬರು ಪಡೆದೆ. ಒಂದು ವಾರ ಅದನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂತೆ. ಆಮೇಲೆ ಫೋನ್ ಹಚ್ಚಿದೆ.

"ಹಲೋ, ಕಾಂಬಳೆಯವರೇನ್ರಿ? ನಾ ಪಾಟೀಲ ಮಾತಾಡೋದು."

"ಯಾವ ಪಾಟೀಲ್ರಿ? ಇಲ್ಲಿ ಒಂದ ಕಲ್ಲ ಒಗದ್ರ ನಾಕ ಪಾಟೀಲರಿಗೆ ಬಡೀತೈತಿ."

"ಲ್ಯಾಬಿನ ಪಾಟೀಲ್ರಿ. ಚಂದ್ರನ ಮಣ್ಣು."

ಆ ಕಡೆ ಟಿ.ವಿ.ಯಲ್ಲಿ ಮರಾಠಿ ಸುದ್ದಿ ಕೇಳಿಸುತ್ತಿತ್ತು. ಯಾರೋ ಅದನ್ನು ಸಣ್ಣಗೆ ಮಾಡಿದರು.

"ಬರ್ರಿ ಅಕ್ಕಾರ," ಎಂದರು. ಏಕೆ ಎಂದು ಕೇಳಲಿಲ್ಲ.

ಮರುದಿನ ಮಧ್ಯಾಹ್ನ ಆ ಒಂದು ದಿನಚರಿಯನ್ನು ಚೀಲಕ್ಕೆ ಹಾಕಿಕೊಂಡು ನಿಪ್ಪಾಣಿಯ ಬಸ್ಸು ಹತ್ತಿದೆ. ಎರಡು ಕೋಣೆಯ ಮನೆ. ಪಡಸಾಲೆಯಲ್ಲಿ ಕಾಂಬಳೆಯವರ ಹೆಂಡತಿ ತಾರಾಬಾಯಿ ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. "ಯಾ ಬಾಯಿ, ಬಸಾ," ಎಂದು ಮರಾಠಿಯಲ್ಲಿ ಕರೆದು ಕೂರಿಸಿ, ಮತ್ತೆ ಕನ್ನಡಕ್ಕೆ ತಿರುಗಿ, "ಎಷ್ಟ ವರ್ಷದಿಂದ ನಿಮ್ಮ ಹೆಸರ ಕೇಳೇನಿ, ಮಾರಿ ಇವತ್ತ ನೋಡಿದೆ ನೋಡ್ರಿ," ಎಂದರು. ಕಾಂಬಳೆಯವರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬೆನ್ನು ಬಾಗಿರಲಿಲ್ಲ.

ತಾರಾಬಾಯಿ ಎದ್ದು ಚಹಾ ಮಾಡಿ ತಂದರು. ಕಾಂಬಳೆಯವರು ಚಹಾದ ಬಸಿಗೆ ಕೈ ಹಾಕಿದಾಗ ತಡೆದು, "ಮೊದಲ ಕೈ ತೊಳಕೋರಿ. ಪಾವ್ಣ್ಯಾರ ಮುಂದ ಮಾನಾ ಕಳೀಬ್ಯಾಡ್ರಿ," ಎಂದರು. ನನ್ನ ಕಡೆ ತಿರುಗಿ ನಗುತ್ತ ಹೇಳಿದರು: "ಈ ಕೈಯಿಂದ ಚಂದ್ರ ಹೊಲಸ ಆಗ್ಯಾನಲ್ರಿ ಬಾಯಿ, ನಿಮಗ ಗೊತ್ತಿರಬೇಕು. ನಮ್ಮ ಬೀಗರ ಮನಿಯಾಗೂ ಊಟಕ್ಕ ಕೂಡೂಮುಂದ ಇದೇ ಚೇಷ್ಟಾ. ಅಳಿಯಾ ತಾನೇ ನೀರ ಹಾಕತಾನ, ಮಾವಾರ ಚಲೋತಂಗ ತೊಳೀರಿ ಅಂ‌ತಾನ."

ಕಾಂಬಳೆಯವರೂ ನಕ್ಕರು. ಎದ್ದು ಹೋಗಿ ಕೈ ತೊಳೆದುಕೊಂಡು, ಧೋತರದ ಅಂಚಿಗೆ ಒರೆಸಿಕೊಂಡು ಬಂದು ಕೂತರು. ಚಹಾ ಕುಡಿದಾದ ಮೇಲೆ ತಾರಾಬಾಯಿ ಖಾಲಿ ಬಸಿ ತೆಗೆದುಕೊಂಡು ಒಳಗೆ ಹೋದರು.

ನಾನು ಬರುವಾಗ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಒಂದೂ ನೆನಪಾಗಲಿಲ್ಲ. ದಿನಚರಿ ತೆಗೆದು ಆ ಮೂರು ದಿನದ ಸಾಲುಗಳನ್ನು ಓದಿದೆ. ಓದಿ ಮುಗಿದ ಮೇಲೂ ತಲೆ ಎತ್ತಲಿಲ್ಲ.

"ಗೊತ್ತಿತ್ರಿ ನನಗ," ಎಂದರು ಕಾಂಬಳೆಯವರು.

"ಏನು?"

"ಡಬ್ಬಿ ನೋಡಿದ್ದೆ. ನಾಗಪುರದಿಂದ ಬಂದ ದಿನಾನ ಡೆಸಿಕೇಟರ ತೆಗದೆ, ಗುಡಿಯೊಳಗ ಹೊಕ್ಕಂಗಾತು. ಡಬ್ಬಿಯಾಗ ಕಾಳಮೆಣಸ. ಕಾಳಮೆಣಸ ಹಾಕಿ ಕರ್ಪೂರ ಇಡೂ ಮಂದಿ ಆ ಲ್ಯಾಬಿನಾಗ ಮತ್ಯಾರ ಇದ್ದರ್ರಿ?"

"ಹಂಗಾದ್ರ ವಿಚಾರಣೆಯೊಳಗ ನನ್ನ ಹೆಸರ ಯಾಕ ಹೇಳಲಿಲ್ಲ?"

"ವಾಸನಿ ಇತ್ತು ಅಂದೆ. ಮುಂದಿಂದು ನೀವು ಹೇಳತೀರಿ ಅಂತ ಕಾದೆ. ಆಮ್ಯಾಲೆ ಅವರೆಲ್ಲಾ ನಕ್ರು. ನಕ್ಕ ಮ್ಯಾಲೆ ಯಾರ ಹೆಸರ ಹೇಳಿದ್ರ ಏನ ಆಗತಿತ್ರಿ?"

ನಾನು ಕೇಳಬೇಕೆಂದಿದ್ದದ್ದು ಒಂದೇ ಪ್ರಶ್ನೆ. "ಕಾಂಬಳೆಯವರ, ಆವತ್ತ ನಾನೂ ನಕ್ಕೆನೇನ್ರಿ?"

ಅವರು ತಮ್ಮ ಕೈಗಳನ್ನು ನೋಡಿಕೊಂಡರು. "ನಾ ನಿಮ್ಮ ಕಡೆ ನೋಡಲಿಲ್ರಿ ಅಕ್ಕಾರ," ಎಂದರು.

ತಾರಾಬಾಯಿ ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದರೋ ನಾನು ನೋಡಿರಲಿಲ್ಲ. ಕಾಂಬಳೆಯವರು ಅವರನ್ನು ನೋಡಿ, "ಇನ್ನೊಮ್ಮೆ ಓದ್ರಿ. ಇಕಿ ಒಳಗಿದ್ಲು, ಕೇಳಿಲ್ಲ," ಎಂದರು.

ಓದಿದೆ. ತಾರಾಬಾಯಿಯವರಿಗೆ ಬರವಣಿಗೆಯ ಕನ್ನಡ ಅಷ್ಟಾಗಿ ಹಿಡಿಯುವುದಿಲ್ಲವೆಂದು ಕಾಂಬಳೆಯವರು ಒಂದೊಂದು ಸಾಲನ್ನೂ ಮರಾಠಿಯಲ್ಲಿ ಹೇಳಿದರು. 'ನಾನು ಏನೂ ಹೇಳಲಿಲ್ಲ' ಎಂಬ ಸಾಲನ್ನೂ ಹೇಳಿದರು. ದನಿ ಏರಲಿಲ್ಲ, ಇಳಿಯಲಿಲ್ಲ.

"ಅಂದ್ರ ಇವರ ಕೈ ಅಲ್ಲ?" ಎಂದು ತಾರಾಬಾಯಿ ನನ್ನನ್ನು ಕೇಳಿದರು.

"ಅಲ್ರಿ. ಇವರ ಕೈ ಅಲ್ಲ. ನನ್ನ ಕೈ."

ಅವರು ನನ್ನ ಮುಂದೆ ನೆಲದ ಮೇಲೆ ಕೂತರು. "ಇನ್ನೊಮ್ಮೆ," ಎಂದರು. ಮೂರನೆಯ ಸಲ ಓದಿದೆ. ಈ ಸಲ ಕಾಂಬಳೆಯವರು ಮರಾಠಿ ಹೇಳಲಿಲ್ಲ. ತಾರಾಬಾಯಿ ತಾವೇ ತುಟಿ ಅಲ್ಲಾಡಿಸುತ್ತ ಕೇಳಿದರು. ಮುಗಿದ ಮೇಲೆ ಕೈ ಚಾಚಿದರು.

"ಆ ಪುಸ್ತಕ ಇಲ್ಲೇ ಇಡ್ರಿ ಬಾಯಿ."

"ಇದು ನನ್ನ..." ಎಂದೆ. ನನ್ನ ಕೆಲಸದ ಇಡೀ ಬದುಕಿನಲ್ಲಿ ನಾನು ನಂಬಬಹುದಾದದ್ದು ಆ ಪುಸ್ತಕಗಳು ಮಾತ್ರ. ಅದರಲ್ಲೂ ಆ ವರ್ಷದ್ದು.

"ಗೊತ್ತೈತಿ, ನಿಮ್ಮದು," ಎಂದರು ತಾರಾಬಾಯಿ. "ಮಗಳು ಬರತಾಳ ಹಬ್ಬಕ್ಕ, ಅಳಿಯಾನೂ ಬರತಾನ. ಬೀಗರೂ ಬರತಾರ. ಬಾಯಿಲೆ ಹೇಳಿದ್ರ ನಂಬೂದಿಲ್ರಿ ಅವರು, ನಗತಾರ. ನಿಮ್ಮ ಅಕ್ಷರ ಐತಲ್ಲ, ಅದನ್ನ ಅವರೇ ಓದಲಿ."

ಕಾಂಬಳೆಯವರು ಬೇಡ ಎನ್ನಬಹುದು ಎಂದು ನಾನು ಅವರ ಕಡೆ ನೋಡಿದೆ. ಅವರು ಗೋಡೆಯ ಗಡಿಯಾರ ನೋಡಿ, "ನಿಮ್ಮ ಊಟದ ಹೊತ್ತಿಗೆ ಮನಿ ಮುಟ್ಟಬೇಕಲ್ರಿ. ನಾಕೂವರಿಗೆ ಚಿಕ್ಕೋಡಿ ಬಸ್ ಐತ್ರಿ," ಎಂದರು.

ಪುಸ್ತಕವನ್ನು ತಾರಾಬಾಯಿಯವರ ಕೈಗೆ ಕೊಟ್ಟೆ. ಅವರು ಅದನ್ನು ಬೀಡಿಯ ಮೊರದಲ್ಲಿ ಇಡಲಿಲ್ಲ. ಒಳಗೆ ಹೋದರು. ಟ್ರಂಕಿನ ಮುಚ್ಚಳ ತೆಗೆದು ಹಾಕಿದ ಸದ್ದು ಕೇಳಿಸಿತು. ನಾನು ಚಪ್ಪಲಿ ಮೆಟ್ಟುವವರೆಗೂ ಹೊರಗೆ ಬರಲಿಲ್ಲ.

ಇದನ್ನು ಓದುವ ಹುಡುಗಿಯರಿಗೆ ಒಂದು ಮಾತು ತಿಳಿದಿರಲಿ. ಮೇಲೆ ಕೊಟ್ಟಿರುವ ಆ ಮೂರು ದಿನದ ಸಾಲುಗಳನ್ನು ನಾನು ಪುಸ್ತಕ ನೋಡಿ ಬರೆದದ್ದಲ್ಲ, ಅಂದು ಮೂರು ಸಲ ಗಟ್ಟಿಯಾಗಿ ಓದಿದ ನೆನಪಿನಿಂದ ಬರೆದದ್ದು. ನನ್ನ ನೆನಪು ಎಂಥದು ಎಂದು ಈಗಾಗಲೇ ಹೇಳಿದ್ದೇನೆ. ಅದು ಈ ಸಲವೂ ನನಗೆ ಅನುಕೂಲವಾಗುವಂತೆ ಎಲ್ಲಾದರೂ ಒಂದು ಶಬ್ದ ತಿದ್ದಿರಬಹುದು. ಸರಿನೋಡಬೇಕು ಎನ್ನುವವರು ನಿಪ್ಪಾಣಿಗೆ ಹೋಗಿ ಕಾಂಬಳೆಯವರ ಮನೆಯಲ್ಲಿ ಕೇಳಬೇಕು.